ಕರ್ನೆಲ್‌ನ ಸಣ್ಣ ಕ್ಲೀನಪ್ ಪ್ಯಾಚ್‌ಗಳನ್ನು ಪರಿಶೀಲಿಸುವ ಕ್ರಮ

ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನೆಲ್‌ಗೆ ಬರುವ ಪ್ಯಾಚ್‌ಗಳಲ್ಲಿ, ಅಂದರೆ ಕೋಡ್ ಬದಲಾವಣೆಗಳಲ್ಲಿ, ಒಂದು ಬಗೆಯವು ಹೊಸ ಸೌಲಭ್ಯವನ್ನೂ ಕೊಡುವುದಿಲ್ಲ, ಹಳೆಯ ದೋಷವನ್ನೂ ತಿದ್ದುವುದಿಲ್ಲ. ಇರುವ ಕೋಡನ್ನು ಒಪ್ಪ ಮಾಡುವುದಷ್ಟೇ ಅವುಗಳ ಉದ್ದೇಶ: ಬಳಕೆಯಲ್ಲಿಲ್ಲದ ವೇರಿಯೇಬಲ್ ಒಂದನ್ನು ತೆಗೆಯುವುದು, ಉದ್ದವಾದ ಸಾಲನ್ನು ಮುರಿಯುವುದು, ಹಳೆಯ ಫಂಕ್ಷನ್‌ನ ಬದಲು ಹೊಸದನ್ನು ಕರೆಯುವುದು, ಎರಡು ಕಡೆ ಬರೆದ ಒಂದೇ ಲೆಕ್ಕವನ್ನು ಮ್ಯಾಕ್ರೋ ಆಗಿಸುವುದು. ಇವನ್ನೇ ಕ್ಲೀನಪ್ ಪ್ಯಾಚ್ ಎನ್ನುತ್ತಾರೆ. ಹತ್ತು ಸಾಲಿನ ಇಂಥ ಪ್ಯಾಚ್ ಎದುರಿಗೆ ಬಂದಾಗ ಹೆಚ್ಚಿನವರು ಟ್ಯಾಬ್, ಸ್ಪೇಸ್, ಕಾಗುಣಿತಗಳನ್ನು ನೋಡಿ 'ಸರಿಯಾಗಿದೆ' ಎಂದು ಬಿಡುತ್ತಾರೆ. ಆದರೆ ಬರೆದವರು ಹೇಳಿರಲಿ, ಹೇಳದಿರಲಿ, ಪ್ರತಿಯೊಂದು ಕ್ಲೀನಪ್ ಪ್ಯಾಚಿನ ಹಿಂದೆಯೂ ಒಂದು ಭರವಸೆ ಇರುತ್ತದೆ: ಈ ಬದಲಾವಣೆಯಿಂದ ಕರ್ನೆಲ್‌ನ ನಡವಳಿಕೆ ಎಳ್ಳಷ್ಟೂ ಬದಲಾಗುವುದಿಲ್ಲ. ಆ ಭರವಸೆ ನಿಜವೇ ಎಂದು ಪರೀಕ್ಷಿಸುವುದೇ ಪರಿಶೀಲಕರ ಕೆಲಸ. ಅಂದಚೆಂದದ ವಿಚಾರ ಅದರ ನಂತರದ್ದು.

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುತ್ತ ಕರ್ನೆಲ್ ಕೆಲಸದ ಕಡೆಗೆ ಮನಸ್ಸು ಹರಿಸಿರುವ ವಿದ್ಯಾರ್ಥಿಗಳನ್ನು ಕಣ್ಣ ಮುಂದೆ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಅವರಲ್ಲಿ ಬಹುತೇಕರು, ಇನ್ನೂ ಪಕ್ವವಾಗದ ಡ್ರೈವರ್‌ಗಳನ್ನು ಇಡುವ 'ಸ್ಟೇಜಿಂಗ್' ವಿಭಾಗದ ಯಾವುದೋ ಡ್ರೈವರ್‌ಗೆ ಒಂದು ಪ್ಯಾಚ್ ಬರೆಯುವುದರಿಂದ ಶುರುಮಾಡುತ್ತಾರೆ. ನನ್ನ ಅಭಿಪ್ರಾಯದಲ್ಲಿ, ಬರೆಯುವುದಕ್ಕೆ ಮೊದಲು ಇತರರು ಬರೆದ ಪ್ಯಾಚ್‌ಗಳನ್ನು ಪರಿಶೀಲಿಸುವುದನ್ನು ಕಲಿಯಬೇಕು. ಕರ್ನೆಲ್‌ನಲ್ಲಿ ಬರೆಯುವವರಿಗೆ ಕೊರತೆಯಿಲ್ಲ, ಕೂತು ಓದುವವರಿಗೆ ಕೊರತೆಯಿದೆ. ಗಂಗಾವತಿಯ ಅಕ್ಕಿಯನ್ನು ಮೊರದಲ್ಲಿ ಹಾಕಿ ಆರಿಸುವಾಗ ಕರಿಯ ಕಲ್ಲು ಯಾರ ಕಣ್ಣಿಗೂ ಬೀಳುತ್ತದೆ, ಅಕ್ಕಿಯ ಬಣ್ಣದ ಬಿಳಿ ಕಲ್ಲು ಮಾತ್ರ ಬೆರಳಾಡಿಸಿದವರಿಗೇ ಸಿಗುತ್ತದೆ. ಕ್ಲೀನಪ್ ಪ್ಯಾಚಿನಲ್ಲಿ ಅಡಗುವ ತಪ್ಪು ಆ ಎರಡನೆಯ ಜಾತಿಯದು.

ಕೆಲಸದ ಪ್ರತಿ

ಪ್ಯಾಚನ್ನು ಪರದೆಯ ಮೇಲೆ ಓದಿ ಮುಗಿಸಬಾರದು, ನಿಮ್ಮ ಪ್ರತಿಗೆ ಅನ್ವಯಿಸಿ ನೋಡಬೇಕು. ಅದಕ್ಕಾಗಿ ಕರ್ನೆಲ್‌ನ ಗಿಟ್ ಭಂಡಾರ (ಗಿಟ್ ಎಂದರೆ ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಉಪಕರಣ) ಅದರ ಇತಿಹಾಸ ಸಮೇತ ನಿಮ್ಮ ಲ್ಯಾಪ್‌ಟಾಪಿನಲ್ಲಿರಬೇಕು. ಮೊಬೈಲ್ ಡೇಟಾ ನೆಚ್ಚಿಕೊಂಡಿರುವವರು ಡೌನ್‌ಲೋಡ್ ಉಳಿಸಲೆಂದು 'ಡೆಪ್ತ್' 1 ಎಂದು ಕೊಟ್ಟು ಕೊನೆಯ ಕಮಿಟ್ (ದಾಖಲಾದ ಬದಲಾವಣೆ) ಒಂದನ್ನೇ ಇಳಿಸಿಕೊಳ್ಳುವುದುಂಟು. ಪರಿಶೀಲನೆಗೆ ಅದು ಸಾಲದು, ಏಕೆಂದರೆ 'ಈ ಸಾಲನ್ನು ಯಾರು, ಯಾವಾಗ, ಯಾವ ಕಾರಣಕ್ಕೆ ಬರೆದರು' ಎಂಬ ಪ್ರಶ್ನೆಗೆ ಉತ್ತರವಿರುವುದು ಇತಿಹಾಸದಲ್ಲಿ. ಕ್ಲೋನ್ ಮಾಡುವಾಗ 'ಬ್ಲಾಬ್ ನನ್' ಎಂಬ ಫಿಲ್ಟರ್ ಕೊಟ್ಟರೆ ಕಮಿಟ್‌ಗಳ ಇತಿಹಾಸ ಪೂರ್ತಿ ಬರುತ್ತದೆ, ಕಡತಗಳ ಹಳೆಯ ರೂಪಗಳು ಕೇಳಿದಾಗ ಮಾತ್ರ ಇಳಿಯುತ್ತವೆ. ನಮ್ಮ ಕಡೆಯ ಸಂಪರ್ಕಕ್ಕೆ ಈ ದಾರಿಯೇ ಹೊಂದುತ್ತದೆ.

ಪ್ಯಾಚ್ ಯಾವ ಟ್ರೀ (ವಿಭಾಗದ ಹೊಣೆಗಾರರು ಇಟ್ಟುಕೊಳ್ಳುವ ಕರ್ನೆಲ್ ಪ್ರತಿ) ಮೇಲೆ ಬರೆದದ್ದು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಕರ್ನೆಲ್‌ನ ಬೇರು ಡೈರೆಕ್ಟರಿಯಲ್ಲಿರುವ 'ಮೇಂಟೇನರ್ಸ್' ಕಡತದಲ್ಲಿ ಪ್ರತಿ ವಿಭಾಗಕ್ಕೂ ಹೊಣೆಗಾರರ ಹೆಸರೂ, ಅನೇಕ ವಿಭಾಗಗಳಿಗೆ ಅವರು ಬಳಸುವ ಟ್ರೀಯ ವಿಳಾಸವೂ ಇರುತ್ತವೆ. 'ಗೆಟ್ ಮೇಂಟೇನರ್' ಎಂಬ ಸ್ಕ್ರಿಪ್ಟ್‌ಗೆ ಪ್ಯಾಚ್ ಕೊಟ್ಟರೆ ಸಂಬಂಧಪಟ್ಟವರ ಪಟ್ಟಿಯನ್ನು ಅದೇ ತೆಗೆದುಕೊಡುತ್ತದೆ. ಬಿಲ್ಡ್ ವಿಷಯದಲ್ಲಿ, ಇಡೀ ಕರ್ನೆಲನ್ನು ಪ್ರತಿ ಸಲವೂ ಕಟ್ಟುವ ಅಗತ್ಯವಿಲ್ಲ. ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟಿರುವಾಗ, ನಡುವೆ ಕರೆಂಟ್ ಹೋಗುವ ಭಯವೂ ಇರುವಾಗ, ಹಳೆಯ ಲ್ಯಾಪ್‌ಟಾಪ್ ಮೇಲೆ ಎಲ್ಲ ಮಾಡ್ಯೂಲ್‌ಗಳ ಬಿಲ್ಡ್‌ಗೆ ಕೈಹಾಕುವುದು ವ್ಯರ್ಥ ಶ್ರಮ. 'ಮೇಕ್' ಆಜ್ಞೆಗೆ ಆ ಒಂದು ಡೈರೆಕ್ಟರಿಯನ್ನೋ, ಆ ಒಂದು ಆಬ್ಜೆಕ್ಟ್ ಕಡತವನ್ನೋ ಹೆಸರಿಸಿದರೆ ಸಾಕು. ಆದರೆ ಬದಲಾದ ಕೋಡ್ ನಿಮ್ಮ ಸಂರಚನೆಯಲ್ಲಿ ನಿಜವಾಗಿ ಕಂಪೈಲ್ ಆಗುತ್ತಿದೆಯೇ ಎಂದು ನೋಡಿಕೊಳ್ಳಿ. 'ಇಫ್‌ಡೆಫ್' ಒಳಗೆ ಕೂತಿರುವ ಸಾಲುಗಳು ಸಂರಚನೆಯ ಆಯ್ಕೆ ಮುಚ್ಚಿದ್ದರೆ ಕಂಪೈಲರ್ ಕಣ್ಣಿಗೇ ಬೀಳುವುದಿಲ್ಲ. ಬಿಲ್ಡ್ ಸಲೀಸಾಗಿ ಮುಗಿಯುತ್ತದೆ, ಪರೀಕ್ಷೆ ಮಾತ್ರ ನಡೆದಿರುವುದಿಲ್ಲ.

ವಿವರಣೆಯನ್ನು ಓದುವುದು

ಕೋಡ್ ನೋಡುವ ಮೊದಲು ಕಮಿಟ್‌ನ ವಿವರಣೆಯನ್ನು ಓದಿ. ಅದರಲ್ಲಿ 'ಏನು ಮಾಡಿದೆ' ಎನ್ನುವುದಕ್ಕಿಂತ 'ಏಕೆ ಮಾಡಿದೆ' ಎನ್ನುವುದು ಇರಬೇಕು. ಏನು ಮಾಡಿದೆ ಎಂಬುದನ್ನು ಡಿಫ್ (ಹಳೆಯ, ಹೊಸ ಸಾಲುಗಳ ವ್ಯತ್ಯಾಸ) ತಾನೇ ತೋರಿಸುತ್ತದೆ. ಕೋಡ್‌ನ ಶೈಲಿಯನ್ನು ಪರೀಕ್ಷಿಸುವ ಸ್ಕ್ರಿಪ್ಟ್ ಚೆಕ್‌ಪ್ಯಾಚ್. 'ಚೆಕ್‌ಪ್ಯಾಚ್ ಎಚ್ಚರಿಕೆ ಕೊಟ್ಟಿತು' ಎಂಬ ಒಂದೇ ಸಾಲಿನ ವಿವರಣೆ ಸ್ಟೇಜಿಂಗ್‌ನಲ್ಲಿ ಸಾಲಬಹುದು, ಬೇರೆಡೆ ಸಾಲದು. 'ನಡವಳಿಕೆಯಲ್ಲಿ ಬದಲಾವಣೆಯಿಲ್ಲ' ಎಂಬ ವಾಕ್ಯವಿದ್ದರೆ ಅದರ ಕೆಳಗೆ ಮನಸ್ಸಿನಲ್ಲೇ ಗೆರೆ ಎಳೆಯಿರಿ, ಮುಂದಿನ ಓದೆಲ್ಲ ಆ ವಾಕ್ಯದ ಪರೀಕ್ಷೆ.

ಒಂದು ಪ್ಯಾಚಿನಲ್ಲಿ ಒಂದೇ ಬದಲಾವಣೆ ಇರಬೇಕೆಂಬ ನಿಯಮವನ್ನು ಕ್ಲೀನಪ್‌ಗಳ ವಿಷಯದಲ್ಲಿ ಬಿಗಿಯಾಗಿ ಹಿಡಿಯಿರಿ. ಇಪ್ಪತ್ತು ಸಾಲುಗಳ ಇಂಡೆಂಟ್ ಸರಿಪಡಿಸಿ, ಅದೇ ಪ್ಯಾಚಿನಲ್ಲಿ ಒಂದು ಷರತ್ತನ್ನೂ ತಿರುಗಿಸಿ ಬರೆದಿದ್ದರೆ, ಆ ಷರತ್ತು ಇಂಡೆಂಟ್‌ಗಳ ಗುಂಪಿನಲ್ಲಿ ಕಾಣದೆ ಹೋಗುತ್ತದೆ. ಬೇರ್ಪಡಿಸಿ ಕಳಿಸಿರೆಂದು ಕೇಳುವುದು ಕಿರಿಕಿರಿಯಲ್ಲ. ಇನ್ನೊಂದು, 'ಫಿಕ್ಸಸ್' ಟ್ಯಾಗ್. ಯಾವ ಹಳೆಯ ಕಮಿಟ್‌ನ ದೋಷವನ್ನು ಇದು ತಿದ್ದುತ್ತದೆ ಎಂದು ಹೇಳುವ ಸಾಲು ಅದು. ಆ ಕಮಿಟ್‌ನ ಗುರುತಿನ ಕನಿಷ್ಠ ಮೊದಲ 12 ಅಕ್ಷರಗಳನ್ನು ಅಲ್ಲಿ ಬರೆಯುತ್ತಾರೆ. ಸ್ಥಿರ ಆವೃತ್ತಿಗಳನ್ನು ನೋಡಿಕೊಳ್ಳುವವರು ಈ ಟ್ಯಾಗನ್ನು ಗಮನಿಸಿ ಪ್ಯಾಚನ್ನು ಹಳೆಯ ಕರ್ನೆಲ್‌ಗಳಿಗೂ ಒಯ್ಯುವುದುಂಟು. ಬರೀ ಅಂದದ ಬದಲಾವಣೆಗೆ ಈ ಟ್ಯಾಗ್ ಅಂಟಿಸಿದ್ದರೆ ತೆಗೆಯಿಸಿ, ಇಲ್ಲವಾದರೆ ಯಾರಿಗೂ ಬೇಡದ ಬದಲಾವಣೆ ಸಾವಿರಾರು ಸರ್ವರ್‌ಗಳ ಸ್ಥಿರ ಕರ್ನೆಲ್‌ಗೆ ಹೋಗಿ ಸೇರುತ್ತದೆ. ಕೊನೆಯಲ್ಲಿ ಬರೆದವರ 'ಸೈನ್ಡ್-ಆಫ್-ಬೈ' ಸಾಲು ಇರಲೇಬೇಕು, 2004ರಿಂದ ನಡೆದು ಬಂದಿರುವ ಪದ್ಧತಿ ಇದು.

ಡಿಫ್ ಓದುವ ಬಗೆ

ಗಿಟ್‌ನಲ್ಲಿ ಡಿಫ್ ತೋರಿಸುವ ಹಲವು ಬಗೆಗಳಿವೆ, ಪ್ಯಾಚಿನ ಸ್ವಭಾವ ನೋಡಿ ಆರಿಸಿಕೊಳ್ಳಬೇಕು. ಬರೀ ಇಂಡೆಂಟ್ ಬದಲಾಗಿದೆ ಎಂದು ಹೇಳುವ ಪ್ಯಾಚಾದರೆ ಖಾಲಿ ಜಾಗಗಳನ್ನು ಲೆಕ್ಕಿಸದ ಡಿಫ್ ತೆಗೆಯಿರಿ: ಏನೂ ಉಳಿಯಬಾರದು, ಉಳಿದರೆ ಅದೇ ನೀವು ಓದಬೇಕಾದ ಸಾಲು. ಕೋಡ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸ್ಥಳಾಂತರವಾಗಿದ್ದರೆ 'ಕಲರ್ ಮೂವ್ಡ್' ಆಯ್ಕೆ ಕೊಡಿ; ಇದ್ದಂತೆಯೇ ಸರಿದ ಸಾಲುಗಳಿಗೆ ಒಂದು ಬಣ್ಣ, ಸರಿಯುವಾಗ ಮಾರ್ಪಟ್ಟ ಸಾಲುಗಳಿಗೆ ಬೇರೆ ಬಣ್ಣ ಬರುತ್ತದೆ. ಹೆಸರು ಬದಲಾಯಿಸುವ ಪ್ಯಾಚ್‌ಗಳಿಗೆ ಪದಪದವಾಗಿ ತೋರಿಸುವ ಡಿಫ್ ಒಳ್ಳೆಯದು. 2003ರ ನವೆಂಬರ್‌ನಲ್ಲಿ ಕರ್ನೆಲ್‌ನ ಒಂದು ಪ್ರತಿಬಿಂಬ ಭಂಡಾರದೊಳಗೆ ಯಾರೋ ಕದ್ದು ಸೇರಿಸಿದ ಎರಡು ಸಾಲುಗಳಲ್ಲಿ, ಬಳಕೆದಾರರ ಗುರುತು ಸೊನ್ನೆಗೆ ಸಮವೇ ಎಂದು ಕೇಳಬೇಕಾದ ಕಡೆ ಎರಡು ಸಮಚಿಹ್ನೆಗಳ ಬದಲು ಒಂದೇ ಇತ್ತು. ಹೋಲಿಕೆ ಆಗಬೇಕಾದದ್ದು ನಿಯೋಜನೆಯಾಗಿ, ಯಾವ ಪ್ರಕ್ರಿಯೆ ಬೇಕಾದರೂ ರೂಟ್ ಅಧಿಕಾರ (ಯಂತ್ರದ ಪೂರ್ಣ ಹಿಡಿತ) ಪಡೆಯುವಂತಾಗುತ್ತಿತ್ತು. ಮುಖ್ಯ ಭಂಡಾರಕ್ಕೆ ತಲುಪುವ ಮೊದಲೇ ಅದು ಸಿಕ್ಕಿಬಿತ್ತು. ಕಣ್ಣು ಜಾರುವುದು ಒಂದು ಅಕ್ಷರದ ಮೇಲೆಯೇ.

ಡಿಫ್ ತೋರಿಸುವುದು ಬದಲಾದ ಸಾಲಿನ ಸುತ್ತಲಿನ ಮೂರು ಮೂರು ಸಾಲುಗಳನ್ನು ಮಾತ್ರ. ಕ್ಲೀನಪ್ ಪರಿಶೀಲನೆಯಲ್ಲಿ ತಪ್ಪು ಬಹುಮಟ್ಟಿಗೆ ಆ ಚೌಕಟ್ಟಿನ ಹೊರಗಿರುತ್ತದೆ. ಇದಕ್ಕೊಂದು ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡೋಣ.

ಕೊಪ್ಪಳದ ವಿದ್ಯಾರ್ಥಿನಿಯೊಬ್ಬಳು ಸ್ಟೇಜಿಂಗ್ ಡ್ರೈವರ್ ಒಂದಕ್ಕೆ ಬರೆದ ಪ್ಯಾಚನ್ನು ಕಳಿಸುವ ಮೊದಲು ತೋರಿಸಲು ತಂದಿದ್ದಳು. ರಿಜಿಸ್ಟರ್‌ಗೆ ಬರೆದ ಮೇಲೆ 10 ಮೈಕ್ರೋಸೆಕೆಂಡ್ ಕಾಯುವ ಕಡೆ ಹಳೆಯ ಕೋಡ್ 'ಯುಡಿಲೇ' ಕರೆಯುತ್ತಿತ್ತು. ಅವಳು ಅದನ್ನು ತೆಗೆದು, 10ರಿಂದ 20 ಮೈಕ್ರೋಸೆಕೆಂಡ್ ಎಂದು ಮಿತಿ ಕೊಟ್ಟು 'ಯುಸ್ಲೀಪ್ ರೇಂಜ್' ಹಾಕಿದ್ದಳು. "ಚೆಕ್‌ಪ್ಯಾಚೇ ಹಿಂಗ ಮಾಡ್ರಿ ಅಂತ ಹೇಳೈತ್ರಿ ಸರ್" ಎಂದಳು. ಹೌದು, ಯುಡಿಲೇಗಿಂತ ಯುಸ್ಲೀಪ್ ರೇಂಜ್ ಮೇಲು ಎಂದು ಚೆಕ್‌ಪ್ಯಾಚ್ ಆಗ ಸೂಚಿಸುತ್ತಿತ್ತು. ಆ ಸೂಚನೆಗೆ ಕಾರಣವೂ ಇತ್ತು: ಯುಡಿಲೇ ಪ್ರೊಸೆಸರನ್ನು ಸುಮ್ಮನೆ ಸುತ್ತಿಸುತ್ತ ಕಾಯುತ್ತದೆ, ಯುಸ್ಲೀಪ್ ರೇಂಜ್ ನಿದ್ದೆ ಹೋಗಿ ಪ್ರೊಸೆಸರನ್ನು ಬೇರೆ ಕೆಲಸಕ್ಕೆ ಬಿಟ್ಟುಕೊಡುತ್ತದೆ. "ಈ ಫಂಕ್ಷನ್ನ ಯಾರು ಕರೀತಾರ ಅಂತ ನೋಡೀಯೇನಮ್ಮಾ?" ಎಂದು ಕೇಳಿದೆ. ಇಬ್ಬರೂ ಕೂತು ಹುಡುಕಿದೆವು. ಗಿಟ್ ಗ್ರೆಪ್ ಕೊಟ್ಟಾಗ ಅದೇ ಕಡತದಲ್ಲಿ ಒಂದು ಕರೆ ಮಾತ್ರ ಸಿಕ್ಕಿತು, ಆ ಕರೆಯ ಫಂಕ್ಷನ್ ಒಂದು ಆಪ್ಸ್ ಕೋಷ್ಟಕದಲ್ಲಿ (ಫಂಕ್ಷನ್‌ಗಳ ವಿಳಾಸಗಳ ಪಟ್ಟಿಯಲ್ಲಿ) ಪಾಯಿಂಟರ್ ಆಗಿ ಕೂತಿತ್ತು. ಕೋಷ್ಟಕವನ್ನು ಬಳಸುವ ಬೇರೊಂದು ಕಡತ ತೆರೆದಾಗ, ಆ ಪಾಯಿಂಟರ್ ಮೂಲಕ ಕರೆಯುವ ಮೊದಲು ಸ್ಪಿನ್‌ಲಾಕ್ (ಸಿಗುವವರೆಗೆ ಪ್ರೊಸೆಸರ್ ಸುತ್ತುತ್ತ ಕಾಯುವ ಬೀಗ) ಹಿಡಿದು ಇಂಟರಪ್ಟ್‌ಗಳನ್ನು ಮುಚ್ಚಿರುವುದು ಕಂಡಿತು.

ಸ್ಪಿನ್‌ಲಾಕ್ ಹಿಡಿದವರು ನಿದ್ದೆ ಹೋಗುವಂತಿಲ್ಲ. ಹಾಗೆ ಹೋದರೆ ಅದೇ ಲಾಕ್‌ಗಾಗಿ ಕಾಯುತ್ತಿರುವ ಇನ್ನೊಂದು ಪ್ರೊಸೆಸರ್ ಸುತ್ತುತ್ತಲೇ ಉಳಿಯುತ್ತದೆ, ಯಂತ್ರ ಹೆಪ್ಪುಗಟ್ಟಿದಂತೆ ನಿಲ್ಲಬಹುದು. ಚೆಕ್‌ಪ್ಯಾಚ್ ನೋಡುವುದು ಪಠ್ಯವನ್ನು ಮಾತ್ರ, ಎರಡು ಕಡತದಾಚೆ ಹಿಡಿದ ಲಾಕ್ ಅದಕ್ಕೆ ಕಾಣುವುದಿಲ್ಲ. ಕಂಪೈಲರ್ ಕೂಡ ಏನೂ ಹೇಳುವುದಿಲ್ಲ. 'ಡೀಬಗ್ ಅಟಾಮಿಕ್ ಸ್ಲೀಪ್' ಎಂಬ ಸಂರಚನಾ ಆಯ್ಕೆ ತೆರೆದು ಆ ದಾರಿಯಲ್ಲಿ ಕೋಡ್ ಓಡಿಸಿದರೆ ಕರ್ನೆಲ್ ತಾನೇ ದೂರುತ್ತದೆ, ಆದರೆ ಅದಕ್ಕೆ ಆ ಹಾರ್ಡ್‌ವೇರ್ ಕೈಯಲ್ಲಿರಬೇಕು. ನಮ್ಮಲ್ಲಿ ಅದು ಇರುವುದು ಅಪರೂಪ. ಹೀಗಾಗಿ ಕರೆಯ ಸರಪಳಿಯನ್ನು ಕೈಯಿಂದಲೇ ಮೇಲಕ್ಕೆ ಹತ್ತಿ ನೋಡಬೇಕು: ದಾರಿಯಲ್ಲಿ ಎಲ್ಲಾದರೂ ಸ್ಪಿನ್‌ಲಾಕ್, ಇಂಟರಪ್ಟ್ ಹ್ಯಾಂಡ್ಲರ್, ಟೈಮರ್ ಕಾಲ್‌ಬ್ಯಾಕ್ ಇದೆಯೇ? ಇದ್ದರೆ ನಿದ್ದೆ ಸಲ್ಲದು. ಥ್ರೆಡೆಡ್ ಹ್ಯಾಂಡ್ಲರ್ ಅಥವಾ ವರ್ಕ್‌ಕ್ಯೂ ಆದರೆ, ಮೇಲೆ ಯಾವ ಸ್ಪಿನ್‌ಲಾಕೂ ಇಲ್ಲದಿದ್ದಲ್ಲಿ, ಸಲ್ಲುತ್ತದೆ. ಆ ವಿದ್ಯಾರ್ಥಿನಿ ಕೊನೆಗೆ ಯುಡಿಲೇಯನ್ನು ಇದ್ದಂತೆಯೇ ಬಿಟ್ಟು, 'ಇಲ್ಲಿ ಲಾಕ್ ಹಿಡಿದಿರುವುದರಿಂದ ನಿದ್ದೆ ಹೋಗುವಂತಿಲ್ಲ' ಎಂಬ ಟಿಪ್ಪಣಿಯನ್ನು ಕೋಡ್‌ನಲ್ಲಿ ಸೇರಿಸುವ ಪ್ಯಾಚ್ ಬರೆದಳು. ಮೊದಲಿನದಕ್ಕಿಂತ ಅದು ಎಷ್ಟೋ ಮೇಲಾದ ಕ್ಲೀನಪ್, ಮುಂದೆ ಅದೇ ಎಚ್ಚರಿಕೆ ನೋಡಿ ಅದೇ ಪ್ಯಾಚ್ ಬರೆಯಲು ಬರುವವರನ್ನು ಅದು ತಡೆಯುತ್ತದೆ.

ಸ್ಟ್ರಿಂಗ್ ನಕಲಿನ ಫಂಕ್ಷನ್‌ಗಳು

ಪರಿಶೀಲನೆಗೆ ಮತ್ತೆ ಮತ್ತೆ ಬರುವ ಇನ್ನೊಂದು ಬಗೆಯೆಂದರೆ ಸ್ಟ್ರಿಂಗ್ ನಕಲು ಮಾಡುವ ಹಳೆಯ ಫಂಕ್ಷನ್‌ಗಳನ್ನು ಹೊಸದಕ್ಕೆ ಬದಲಾಯಿಸುವುದು. 'ಸ್ಟರ್‌ಎಲ್‌ಕಾಪಿ' 2024ರ 6.8 ಆವೃತ್ತಿಯಲ್ಲಿ ಕರ್ನೆಲ್‌ನಿಂದಲೇ ಹೊರಟುಹೋಯಿತು. 'ಸ್ಟರ್‌ಎನ್‌ಕಾಪಿ' ಬಿಟ್ಟು 'ಸ್ಟರ್‌ಎಸ್‌ಕಾಪಿ' ಬಳಸಿರೆಂದು ಕರ್ನೆಲ್ ದಾಖಲೆಗಳು ಹೇಳುತ್ತವೆ. ಸಲಹೆ ಸರಿಯಾದದ್ದೇ. ಆದರೆ ಹೆಸರಿನಲ್ಲಿ ಒಂದು ಅಕ್ಷರ ಬದಲಾಯಿಸಿದರೆ ಕೆಲಸ ಮುಗಿಯಿತೆಂದು ತಿಳಿಯುವುದು ತಪ್ಪು, ಏಕೆಂದರೆ ಈ ಮೂರೂ ಫಂಕ್ಷನ್‌ಗಳ ನಡವಳಿಕೆ ಬೇರೆ ಬೇರೆ.

ಸ್ಟರ್‌ಎನ್‌ಕಾಪಿ, ಮೂಲ ಸ್ಟ್ರಿಂಗ್ ಚಿಕ್ಕದಾಗಿದ್ದರೆ ಉಳಿದ ಜಾಗವನ್ನೆಲ್ಲ ಸೊನ್ನೆಗಳಿಂದ ತುಂಬುತ್ತದೆ. ಸ್ಟರ್‌ಎಸ್‌ಕಾಪಿ ತುಂಬುವುದಿಲ್ಲ. ಆ ಬಫರ್ ಕರ್ನೆಲ್‌ನೊಳಗೇ ಉಳಿಯುವುದಾದರೆ ವ್ಯತ್ಯಾಸವಾಗದು. ಆದರೆ ಅದು ಒಂದು ಸ್ಟ್ರಕ್ಟ್‌ನ ಭಾಗವಾಗಿದ್ದು, ಇಡೀ ಸ್ಟ್ರಕ್ಟ್ ಯೂಸರ್ ಸ್ಪೇಸ್‌ಗೆ (ಕರ್ನೆಲ್‌ನ ಹೊರಗಿನ ಪ್ರೋಗ್ರಾಮ್‌ಗಳಿಗೆ) ನಕಲಾಗುವುದಾದರೆ, ಹೆಸರಿನ ನಂತರದ ತುಂಬದ ಬೈಟ್‌ಗಳಲ್ಲಿ ಹಿಂದೆ ಆ ಮೆಮೊರಿಯಲ್ಲಿದ್ದ ಮಾಹಿತಿ ಹೊರಗೆ ಸೋರುತ್ತದೆ. ಹೀಗಾಗಿ ಈ ಬಗೆಯ ಪ್ಯಾಚ್ ಬಂದರೆ, ಗುರಿಯ ಬಫರ್ ಎಲ್ಲಿ ಹುಟ್ಟಿತು, ಮೊದಲೇ ಸೊನ್ನೆ ಮಾಡಿದ ಮೆಮೊರಿಯೇ, ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬ ಮೂರನ್ನೂ ಪತ್ತೆಹಚ್ಚಿ. ಸೊನ್ನೆ ತುಂಬುವುದು ಬೇಕಾಗಿದ್ದರೆ ಸ್ಟರ್‌ಎಸ್‌ಕಾಪಿಯ 'ಪ್ಯಾಡ್' ರೂಪ ಇದೆ. ಇನ್ನು ಕೆಲವು ಕಡೆ, ಫರ್ಮ್‌ವೇರ್‌ಗೆ ಹೋಗುವ ಅಥವಾ ಡಿಸ್ಕ್ ಮೇಲೆ ಕೂರುವ ನಿಗದಿತ ಅಳತೆಯ ಹೆಸರುಗಳಲ್ಲಿ, ಕೊನೆಯ ಸೊನ್ನೆ ಇರಲೇಬೇಕೆಂದಿಲ್ಲ. 16 ಬೈಟ್‌ನ ಅಂಥ ಜಾಗಕ್ಕೆ 16 ಅಕ್ಷರದ ಹೆಸರನ್ನು ಸ್ಟರ್‌ಎಸ್‌ಕಾಪಿಯಿಂದ ತುಂಬಿದರೆ ಕೊನೆಯ ಅಕ್ಷರ ಕಡಿದುಹೋಗುತ್ತದೆ.

ಫಂಕ್ಷನ್ ಹಿಂತಿರುಗಿಸುವ ಬೆಲೆಯನ್ನೂ ನೋಡಬೇಕು. ಜಾಗ ಸಾಲದೆ ಹೋದಾಗ ಸ್ಟರ್‌ಎಲ್‌ಕಾಪಿ ಮೂಲದ ಪೂರ್ಣ ಉದ್ದವನ್ನು ಹಿಂತಿರುಗಿಸುತ್ತಿತ್ತು, ಸ್ಟರ್‌ಎಸ್‌ಕಾಪಿ ಋಣ ಸಂಖ್ಯೆಯ ದೋಷಸಂಕೇತವನ್ನು ಕೊಡುತ್ತದೆ. ಹಳೆಯ ಕೋಡ್ 'ಬಂದ ಬೆಲೆ ಬಫರ್ ಅಳತೆಗೆ ಸಮ ಅಥವಾ ಹೆಚ್ಚೇ' ಎಂದು ಪರೀಕ್ಷಿಸುತ್ತಿದ್ದರೆ, ಹೆಸರು ಮಾತ್ರ ಬದಲಾದ ಹೊಸ ಕೋಡಿನಲ್ಲಿ ಆ ಪರೀಕ್ಷೆಯ ಫಲ ವೇರಿಯೇಬಲ್‌ಗಳ ಟೈಪ್ ಮೇಲೆ ನಿಲ್ಲುತ್ತದೆ. ಅಳತೆ 'ಸೈಜ್‌ಆಫ್'ನಿಂದ ಬಂದದ್ದಾದರೆ ಅದು ಅನ್‌ಸೈನ್ಡ್, ಅಂದರೆ ಋಣ ಬೆಲೆ ಹಿಡಿಯದ ಟೈಪ್. ಋಣ ಸಂಖ್ಯೆ ಹೋಲಿಕೆಯಲ್ಲಿ ಬಹಳ ದೊಡ್ಡ ಧನ ಸಂಖ್ಯೆಯಾಗಿ ಮಾರ್ಪಟ್ಟು ಪರೀಕ್ಷೆ ಹೇಗೋ ಸರಿಹೋಗುತ್ತದೆ. ಎರಡೂ 'ಇಂಟ್' ಆಗಿದ್ದರೆ ಋಣ ಸಂಖ್ಯೆ ಅಳತೆಗಿಂತ ಚಿಕ್ಕದೆಂದೇ ಲೆಕ್ಕವಾಗಿ, ಕಡಿದುಹೋದ ಸ್ಟ್ರಿಂಗನ್ನು ಕೋಡ್ ಸರಿಯೆಂದು ಒಪ್ಪಿಕೊಂಡುಬಿಡುತ್ತದೆ. ಬಂದ ಬೆಲೆಯನ್ನು ಉದ್ದವೆಂದು ಕೂಡಿಸುತ್ತ ಹೋಗುವ ಕೋಡ್ ಇದ್ದರಂತೂ ಪ್ಯಾಚನ್ನು ಅಲ್ಲಿಯೇ ತಡೆಯಿರಿ.

ಬೇರೆ ಕೆಲವು ಗುರುತುಗಳು

ವೇರಿಯೇಬಲ್‌ನ ಟೈಪ್ ಬದಲಾಗಿದ್ದರೆ ಆ ವೇರಿಯೇಬಲ್ ಬಳಕೆಯಾದ ಪ್ರತಿ ಸಾಲನ್ನೂ ಓದಿ. 'ರೆಟ್' ಎಂಬ ಇಂಟ್ ಅನ್‌ಸೈನ್ಡ್ ಆದರೆ ಕೆಳಗೆಲ್ಲೋ ಇರುವ 'ಸೊನ್ನೆಗಿಂತ ಕಡಿಮೆಯೇ' ಎಂಬ ಪರೀಕ್ಷೆ ಎಂದಿಗೂ ನಿಜವಾಗುವುದಿಲ್ಲ, ದೋಷವನ್ನು ಹಿಡಿಯುವ ದಾರಿಯೇ ಮುಚ್ಚಿಹೋಗುತ್ತದೆ. ಸಾಮಾನ್ಯ ಬಿಲ್ಡ್‌ನಲ್ಲಿ ಕಂಪೈಲರ್ ಇದಕ್ಕೆ ಎಚ್ಚರಿಕೆ ಕೊಡುವುದಿಲ್ಲ, 'ಸ್ಮ್ಯಾಚ್' ಎಂಬ ವಿಶ್ಲೇಷಕ ಹಿಡಿಯುತ್ತದೆ. ಸ್ಟ್ರಕ್ಟ್‌ನ ಕೊನೆಯ ಒಂದು ಅಂಶದ ಅರೇಯನ್ನು ಖಾಲಿ ಅರೇ ಮಾಡಿದ್ದರೆ ಸ್ಟ್ರಕ್ಟ್‌ನ ಅಳತೆ ಇಳಿಯಬಹುದು, ಮೆಮೊರಿ ಕೇಳುವ ಪ್ರತಿಯೊಂದು ಲೆಕ್ಕವನ್ನೂ ಮತ್ತೆ ಹಾಕಿ ನೋಡಿ. ಮೆಮೊರಿ ಬಿಡುಗಡೆ ಮಾಡುವ 'ಕೆಫ್ರೀ'ಗೆ ಮೊದಲಿನ ನಲ್ (ಖಾಲಿ ಪಾಯಿಂಟರ್) ಪರೀಕ್ಷೆಯನ್ನು ತೆಗೆದಿದ್ದರೆ ಅಡ್ಡಿಯಿಲ್ಲ, ನಲ್ ಬಂದರೆ ಕೆಫ್ರೀ ಸುಮ್ಮನಿರುತ್ತದೆ. ಆದರೆ ಆ ಪಾಯಿಂಟರ್‌ನಲ್ಲಿ ನಲ್‌ನ ಬದಲು ದೋಷಸಂಕೇತ ಕೂತಿರುವ ಸಾಧ್ಯತೆ ಇದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

'ಡೆವ್‌ಎಮ್' ಫಂಕ್ಷನ್‌ಗಳಿಗೆ ಬದಲಾಯಿಸುವ ಪ್ಯಾಚ್‌ಗಳನ್ನು ನಾನು ಅತಿ ನಿಧಾನವಾಗಿ ಓದುತ್ತೇನೆ. ಸಾಧನ ಕಳಚಿದಾಗ ಸಂಪನ್ಮೂಲಗಳನ್ನು ತಾವೇ ಬಿಡುಗಡೆ ಮಾಡುವ ಈ ಫಂಕ್ಷನ್‌ಗಳಿಂದ ದೋಷದ ದಾರಿಯ ಎಷ್ಟೋ ಸಾಲುಗಳು ಉಳಿಯುತ್ತವೆ, ಕೋಡ್ ನಿಜಕ್ಕೂ ಚೆನ್ನಾಗಿ ಕಾಣುತ್ತದೆ. ಆದರೆ ಅವು ಬಿಡುಗಡೆ ಮಾಡುವುದು ಡ್ರೈವರ್‌ನ 'ರಿಮೂವ್' ಫಂಕ್ಷನ್ ಮುಗಿದ ಮೇಲೆ, ಪಡೆದದ್ದಕ್ಕೆ ವಿರುದ್ಧ ಕ್ರಮದಲ್ಲಿ. ಇಂಟರಪ್ಟ್ ಮಾತ್ರ ಡೆವ್‌ಎಮ್ ಆಗಿ, ಅದರ ಹ್ಯಾಂಡ್ಲರ್ ಬಳಸುವ ಮೆಮೊರಿಯನ್ನು ರಿಮೂವ್ ಒಳಗೆ ಕೈಯಿಂದ ಬಿಡುಗಡೆ ಮಾಡುತ್ತಿದ್ದರೆ, ಆ ಎರಡರ ನಡುವಿನ ಕ್ಷಣದಲ್ಲಿ ಇಂಟರಪ್ಟ್ ಬಂದರೆ ಹ್ಯಾಂಡ್ಲರ್ ಇಲ್ಲದ ಮೆಮೊರಿಯನ್ನು ಮುಟ್ಟುತ್ತದೆ. ಬಿಡುಗಡೆಯ ಹಳೆಯ ಕ್ರಮವನ್ನೂ ಹೊಸ ಕ್ರಮವನ್ನೂ ಕಾಗದದ ಮೇಲೆ ಪಕ್ಕಪಕ್ಕದಲ್ಲಿ ಬರೆದುಕೊಳ್ಳುವುದು ಒಳ್ಳೆಯದು.

ಘೋಷಣೆ ಮತ್ತು ಮೊದಲ ಬೆಲೆಯನ್ನು ಒಂದೇ ಸಾಲಿಗೆ ತರುವುದು ತೀರಾ ನಿರುಪದ್ರವಿ ಎನಿಸುವ ಬದಲಾವಣೆ. 2009ರಲ್ಲಿ 2.6.30 ಆವೃತ್ತಿಯ ಟನ್ (ಕೃತಕ ನೆಟ್‌ವರ್ಕ್ ಸಾಧನದ) ಡ್ರೈವರಿನಲ್ಲಿ ಬೆಳಕಿಗೆ ಬಂದ ದೋಷವನ್ನು ತಿಳಿದವರು ಹಾಗೆ ಎನ್ನುವುದಿಲ್ಲ. ಅಲ್ಲಿ ಘೋಷಣೆಯ ಸಾಲಿನಲ್ಲೇ ಪಾಯಿಂಟರ್ ಮೂಲಕ ಒಂದು ಬೆಲೆಯನ್ನು ಓದಲಾಗಿತ್ತು, ಆ ಪಾಯಿಂಟರ್ ನಲ್ ಹೌದೇ ಎಂಬ ಪರೀಕ್ಷೆ ಅದರ ಕೆಳಗಿತ್ತು. ಪಾಯಿಂಟರನ್ನು ಆಗಲೇ ಬಳಸಿರುವುದರಿಂದ ಅದು ನಲ್ ಆಗಿರಲಾರದು ಎಂದು ಕಂಪೈಲರ್ ತೀರ್ಮಾನಿಸಿ ಪರೀಕ್ಷೆಯನ್ನೇ ಅಳಿಸಿಹಾಕಿತು, ಅದನ್ನು ಬಳಸಿಕೊಂಡು ರೂಟ್ ಅಧಿಕಾರ ಪಡೆಯುವ ದಾರಿಯೂ ಪ್ರಕಟವಾಯಿತು. ಆ ಮೇಲೆ ಇಂಥ ಪರೀಕ್ಷೆಗಳನ್ನು ಅಳಿಸಬಾರದೆಂದು ಕಂಪೈಲರ್‌ಗೆ ಹೇಳುವ ಆಯ್ಕೆಯನ್ನು ಕರ್ನೆಲ್ ಬಿಲ್ಡ್‌ಗೆ ಸೇರಿಸಿದರು. ಮೊದಲ ಬೆಲೆಯ ಸಾಲು ಮೇಲಕ್ಕೆ ಸರಿದಿದ್ದರೆ, ಅದು ಯಾವ ಪರೀಕ್ಷೆಯನ್ನು ದಾಟಿ ಮೇಲೆ ಹೋಯಿತು, ಯಾವ ಲಾಕ್‌ನ ಹೊರಗೆ ಬಂತು ಎಂದು ನೋಡಿ.

ಆಬ್ಜೆಕ್ಟ್ ಕಡತಗಳ ಹೋಲಿಕೆ

ಬರೀ ರೂಪದ ಬದಲಾವಣೆ ಎಂದು ಹೇಳಿಕೊಳ್ಳುವ ಪ್ಯಾಚಿಗೆ ಇದಕ್ಕಿಂತ ಗಟ್ಟಿಯಾದ ಪರೀಕ್ಷೆ ಇಲ್ಲ. ಪ್ಯಾಚ್ ಹಾಕುವ ಮೊದಲು ಆ ಕಡತದ ಆಬ್ಜೆಕ್ಟ್ ಕಟ್ಟಿ ಪಕ್ಕಕ್ಕಿಡಿ. ಪ್ಯಾಚ್ ಹಾಕಿ, ಅದೇ ಕಂಪೈಲರ್, ಅದೇ ಸಂರಚನೆಯಲ್ಲಿ ಮತ್ತೆ ಕಟ್ಟಿ. ಎರಡನ್ನೂ 'ಆಬ್ಜ್‌ಡಂಪ್' ಮೂಲಕ ಯಂತ್ರಸೂಚನೆಗಳಾಗಿ ಬಿಡಿಸಿ ಡಿಫ್ ಮಾಡಿ. ಹೆಸರು ಬದಲಾವಣೆ, ಇಂಡೆಂಟ್, ಟಿಪ್ಪಣಿ, ಸಾಲು ಮುರಿಯುವುದು, ಇವಿಷ್ಟಕ್ಕೆ ಸೂಚನೆಗಳು ಒಂದೇ ಆಗಿರಬೇಕು. ಕಡತಗಳನ್ನು ಬೈಟ್‌ಗೆ ಬೈಟ್ ಹೋಲಿಸಲು ಹೋದರೆ ಮೋಸಹೋಗುತ್ತೀರಿ, ಏಕೆಂದರೆ ಡೀಬಗ್ ಮಾಹಿತಿಯಲ್ಲೂ 'ವಾರ್ನ್' ಬಗೆಯ ಮ್ಯಾಕ್ರೋಗಳ ಕೋಷ್ಟಕದಲ್ಲೂ ಸಾಲಿನ ಸಂಖ್ಯೆ ಸೇರಿರುತ್ತದೆ. ಮೇಲೆ ಒಂದು ಸಾಲು ಹೆಚ್ಚಿದರೂ ಅವು ಬದಲಾಗುತ್ತವೆ. ಕರ್ನೆಲ್‌ನ ಸ್ಕ್ರಿಪ್ಟ್‌ಗಳ ಡೈರೆಕ್ಟರಿಯಲ್ಲಿರುವ 'ಆಬ್ಜ್‌ಡಿಫ್' ಈ ಹೋಲಿಕೆಗೆಂದೇ ಇದೆ. ಸೂಚನೆಗಳು ಬದಲಾಗಿದ್ದರೆ ಪ್ಯಾಚ್ ತಪ್ಪೆಂದು ಅರ್ಥವಲ್ಲ, ಅದು ಬರೀ ರೂಪದ ಬದಲಾವಣೆಯಲ್ಲ ಎಂದು ಅರ್ಥ. ಆ ವ್ಯತ್ಯಾಸಕ್ಕೆ ಕಾರಣ ಸಿಗುವವರೆಗೆ ಮುಂದೆ ಹೋಗಬೇಡಿ.

ಉಪಕರಣಗಳ ಎಚ್ಚರಿಕೆಗಳನ್ನು ಗೌರವಿಸಬೇಕು, ಆದರೆ ಎಚ್ಚರಿಕೆ ಅಡಗಿಸುವುದೇ ಪ್ಯಾಚಿನ ಗುರಿಯಾಗಬಾರದು. ಕರ್ನೆಲ್‌ನ ಹೊರಗಿನ ಒಂದು ಘಟನೆಯನ್ನು ಇಲ್ಲಿ ಹೇಳಲೇಬೇಕು. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯಲ್ಲಿ 2006ರಲ್ಲಿ, ಮೆಮೊರಿ ಬಳಕೆಯನ್ನು ಪರೀಕ್ಷಿಸುವ ವಾಲ್‌ಗ್ರೈಂಡ್ ಉಪಕರಣ ದೂರಿತೆಂದು ಗೂಢಲಿಪಿ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್‌ನ ಸಾಲೊಂದನ್ನು ತೆಗೆದದ್ದರಿಂದ ಯಾದೃಚ್ಛಿಕ ಸಂಖ್ಯೆಗಳ ಮೂಲವೇ ಬತ್ತಿತು. ಪ್ರಕ್ರಿಯೆಯ ಸಂಖ್ಯೆಯೊಂದೇ ಉಳಿದು, ಒಂದು ಬಗೆಯ, ಒಂದು ಅಳತೆಯ ಕೀಲಿಗಳು 32,768 ಸಾಧ್ಯತೆಗಳಿಗೆ ಇಳಿದವು. 2008ರ ಮೇ ತಿಂಗಳವರೆಗೆ ಅದು ಬಯಲಾಗಲಿಲ್ಲ. 'ಈ ಎಚ್ಚರಿಕೆ ಏಕೆ ಬಂತು' ಎಂಬ ಪ್ರಶ್ನೆಗೆ ಪ್ಯಾಚಿನ ವಿವರಣೆಯಲ್ಲಿ ಉತ್ತರ ಇಲ್ಲದಿದ್ದರೆ ಕೇಳಿ.

ಬೇಕೇ ಬೇಡವೇ

ಸರಿಯಾಗಿರುವ ಪ್ಯಾಚ್ ಕೂಡ ಬೇಡವಾಗಿರಬಹುದು. ಸಾಲಿನ ಉದ್ದವನ್ನೇ ತೆಗೆದುಕೊಳ್ಳಿ: 2020ರಲ್ಲಿ ಚೆಕ್‌ಪ್ಯಾಚ್ ತನ್ನ ಮಿತಿಯನ್ನು 80ರಿಂದ 100ಕ್ಕೆ ಏರಿಸಿತು, ಆದರೂ 80 ಅಕ್ಷರಗಳೊಳಗೆ ಬರೆಯುವುದೇ ಮೇಲು ಎಂದು ಶೈಲಿಯ ದಾಖಲೆ ಹೇಳುತ್ತದೆ. ಓದಲು ಸುಲಭವಾಗಿರುವ 85 ಅಕ್ಷರದ ಸಾಲನ್ನು ಮೂರು ತುಂಡು ಮಾಡಿದರೆ ಯಾರಿಗೂ ಉಪಕಾರವಿಲ್ಲ. ಇಂಥ ಬದಲಾವಣೆಗೆ ಬೆಲೆಯೂ ಇದೆ. ಯಾವ ಸಾಲು ಯಾವ ಕಮಿಟ್‌ನಿಂದ ಬಂತೆಂದು ತೋರಿಸುವ ಗಿಟ್ ಬ್ಲೇಮ್ ತೆಗೆದವರಿಗೆ ಮೂಲ ಕಾರಣದ ಬದಲು ಕ್ಲೀನಪ್ ಕಮಿಟ್ ಎದುರಾಗುತ್ತದೆ. ಮುಂದೆ ಅದೇ ಜಾಗದಲ್ಲಿ ಭದ್ರತೆಯ ದೋಷ ಸಿಕ್ಕಿದರೆ, ತಿದ್ದುಪಡಿಯನ್ನು ಹಳೆಯ ಸ್ಥಿರ ಆವೃತ್ತಿಗಳಿಗೆ ಒಯ್ಯುವಾಗ ಅದು ನೇರವಾಗಿ ಕೂರುವುದಿಲ್ಲ. ಬೇರೆ ಕೆಲಸದ ಭಾಗವಲ್ಲದ ಬಿಡಿ ಕ್ಲೀನಪ್‌ಗಳನ್ನು ತಾವು ಪ್ರೋತ್ಸಾಹಿಸುವುದಿಲ್ಲವೆಂದು ನೆಟ್‌ವರ್ಕಿಂಗ್ ವಿಭಾಗದ ದಾಖಲೆ ಸ್ಪಷ್ಟವಾಗಿ ಹೇಳುತ್ತದೆ. 2008ರಿಂದ ಇರುವ ಸ್ಟೇಜಿಂಗ್ ವಿಭಾಗದಲ್ಲಿ ಅವಕ್ಕೆ ಸ್ವಾಗತವಿದೆ. ಯಾವ ವಿಭಾಗ, ಯಾವ ಸಂಪ್ರದಾಯ ಎಂದು ತಿಳಿದು ಅಭಿಪ್ರಾಯ ಕೊಡಿ.

ಸಮಯವನ್ನೂ ಗಮನಿಸಬೇಕು. ಹೊಸ ಆವೃತ್ತಿ ಹೊರಬಂದ ಮೇಲೆ ಎರಡು ವಾರ ಮರ್ಜ್ ವಿಂಡೋ (ಹೊಸ ಬದಲಾವಣೆಗಳನ್ನು ಒಳಗೆ ಸೇರಿಸಿಕೊಳ್ಳುವ ಅವಧಿ) ತೆರೆದಿರುತ್ತದೆ, ಆಮೇಲೆ ಮುಂದಿನ ಆವೃತ್ತಿಯವರೆಗೆ ದೋಷದ ತಿದ್ದುಪಡಿಗಳು ಮಾತ್ರ. ಕ್ಲೀನಪ್‌ಗಳು ಮೊದಲೇ ವಿಭಾಗದ ಟ್ರೀಯಲ್ಲಿ ಸೇರಿ ಕಾದಿರಬೇಕು.

ಉತ್ತರ ಬರೆಯುವುದು

ಕರ್ನೆಲ್ ಪರಿಶೀಲನೆ ನಡೆಯುವುದು ಸಾದಾ ಪಠ್ಯದ ಈಮೇಲ್‌ನಲ್ಲಿ, ಪ್ಯಾಚಿನ ಸಂಬಂಧಪಟ್ಟ ಸಾಲಿನ ಕೆಳಗೇ ಮಾತು ಬರೆಯುವುದು ರೂಢಿ. ಬೇಡದ ಸಾಲುಗಳನ್ನು ಕಡಿದುಹಾಕಿ. 'ಇದು ತಪ್ಪು' ಎಂದು ಬರೆಯುವ ಬದಲು ತಪ್ಪಿಗೆ ಹೋಗುವ ದಾರಿಯನ್ನು ಬರೆಯಿರಿ: ಈ ಫಂಕ್ಷನ್ ಇಂಥ ಕಡತದ ಇಂಥ ಕಡೆಯಿಂದ ಲಾಕ್ ಹಿಡಿದು ಕರೆಯಲ್ಪಡುತ್ತದೆ, ಹೀಗಾಗಿ ಇಲ್ಲಿ ನಿದ್ದೆ ಹೋಗುವಂತಿಲ್ಲ. ಬರೆದವರು ಅದನ್ನು ತಾವೇ ಪರೀಕ್ಷಿಸಿ ಕಲಿಯುವಂತಿರಬೇಕು, ವಿಶೇಷವಾಗಿ ಅದು ಅವರ ಮೊದಲ ಪ್ಯಾಚ್ ಆಗಿದ್ದಾಗ. ಕಡ್ಡಾಯವಾಗಿ ತಿದ್ದಬೇಕಾದದ್ದು ಯಾವುದು, ನಿಮ್ಮ ಅಭಿರುಚಿಯ ಸೂಚನೆ ಯಾವುದು ಎಂದು ಬೇರ್ಪಡಿಸಿ ಹೇಳಿ. ಅರ್ಥವಾಗದ ಭಾಗವಿದ್ದರೆ ಪ್ರಶ್ನೆಯಾಗಿ ಕೇಳಿ. ಹೊಸಬರ ಪ್ರಶ್ನೆಯೇ ಎಷ್ಟೋ ಸಲ ಪ್ಯಾಚಿನ ಬಿರುಕನ್ನು ತೋರಿಸಿದೆ.

'ರಿವ್ಯೂಡ್-ಬೈ' ಎಂಬ ಸಾಲನ್ನು ಕೊಡುವುದೆಂದರೆ, ತಾಂತ್ರಿಕ ಪರಿಶೀಲನೆ ಮಾಡಿದ್ದೇನೆ, ನನ್ನ ಆಕ್ಷೇಪಗಳಿಗೆ ತೃಪ್ತಿಕರ ಉತ್ತರ ಸಿಕ್ಕಿದೆ, ಈ ಬದಲಾವಣೆ ಕರ್ನೆಲ್‌ಗೆ ಯೋಗ್ಯವೆಂದು ನಂಬಿದ್ದೇನೆ ಎಂದು ಸಾರ್ವಜನಿಕವಾಗಿ ಹೇಳಿದಂತೆ. ಬರೀ ಒಪ್ಪಿಗೆಗೆ 'ಆಕ್ಡ್-ಬೈ', ಓಡಿಸಿ ನೋಡಿದ್ದಕ್ಕೆ 'ಟೆಸ್ಟೆಡ್-ಬೈ' ಬೇರೆಯಾಗಿವೆ. ಕಂಪೈಲ್ ಮಾಡಿದ್ದಷ್ಟಕ್ಕೆ ಟೆಸ್ಟೆಡ್-ಬೈ ಕೊಡಬೇಡಿ, ಏನು ಮಾಡಿದಿರಿ ಎಂಬುದನ್ನು ವಾಕ್ಯದಲ್ಲಿ ಬರೆಯಿರಿ: ಆಬ್ಜೆಕ್ಟ್ ಹೋಲಿಸಿದೆ, ಕರೆಯುವ ಜಾಗಗಳನ್ನೆಲ್ಲ ಓದಿದೆ, ಹಾರ್ಡ್‌ವೇರ್ ಇಲ್ಲದ್ದರಿಂದ ಓಡಿಸಿಲ್ಲ. ಮೇಂಟೇನರ್‌ಗೆ ಬೇಕಾದದ್ದು ಈ ಮಾಹಿತಿಯೇ.

ಎರಡನೆಯ ಆವೃತ್ತಿ ಬಂದಾಗ ಮೊದಲಿನಿಂದ ಓದುವ ಬದಲು ಗಿಟ್‌ನ 'ರೇಂಜ್-ಡಿಫ್' ಬಳಸಿ ಎರಡು ಆವೃತ್ತಿಗಳ ನಡುವಿನ ವ್ಯತ್ಯಾಸ ತೆಗೆಯಿರಿ. ನೀವು ಕೇಳಿದ್ದಷ್ಟೇ ಬದಲಾಗಿದೆಯೇ, ಕೇಳದ್ದೂ ಸೇರಿದೆಯೇ ಎಂಬುದು ಆಗ ಕಾಣುತ್ತದೆ. ಬದಲಾವಣೆ ದೊಡ್ಡದಾಗಿದ್ದರೆ ಹಿಂದೆ ಕೊಟ್ಟ ಟ್ಯಾಗ್ ಹೊಸ ಆವೃತ್ತಿಗೆ ತಾನಾಗಿ ಸಲ್ಲುವುದಿಲ್ಲ, ಮತ್ತೆ ಓದಿ ಮತ್ತೆ ಕೊಡಬೇಕು. ಪ್ಯಾಚ್ ಸೇರಿದ ಮೇಲೆ ಸ್ವಯಂಚಾಲಿತ ಪರೀಕ್ಷೆಗಳಿಂದಲೋ ಬಳಕೆದಾರರಿಂದಲೋ ದೂರು ಬಂದರೆ, ಟ್ಯಾಗ್ ಕೊಟ್ಟ ನಿಮ್ಮ ವಿಳಾಸಕ್ಕೂ ಅದರ ಪ್ರತಿ ಬರುವುದು ಸಾಮಾನ್ಯ. ಅಂದೇ ತೆರೆದು ನೋಡಿ. ಕಾರಣ ಬೇಗ ಸಿಗದಿದ್ದರೆ ಪ್ಯಾಚನ್ನು ಹಿಂತೆಗೆಯಲು ನೀವೇ ಸೂಚಿಸಿ, ಕ್ಲೀನಪ್ ಆದ್ದರಿಂದ ಹಿಂತೆಗೆದರೆ ಯಾರ ಕೆಲಸವೂ ನಿಲ್ಲುವುದಿಲ್ಲ, ಸರಿಪಡಿಸಿದ ರೂಪವನ್ನು ಮುಂದಿನ ಮರ್ಜ್ ವಿಂಡೋಗೆ ಕಳಿಸಬಹುದು.